ಹೌದು, ನಮ್ಮ ಮನೆಯಲ್ಲಿ ಎಕ್ಕ ಹುಟ್ಟಿದೆ

ನಮ್ಮ ಕಡೆ ಹೆಂಗಸರಿಗೆ ಸಿಟ್ಟು ನೆತ್ತಿಗೇರಿದಾಗ ಬಾಯಿಗೆ ಬರುವ ಬೈಗುಳ ಒಂದಿದೆ: ನಿನ್ ಮನೆ ಎಕ್ಕುಟ್ಟೋಗ. ಮನೆಯಲ್ಲಿ ಒಂದು ನರಪಿಳ್ಳೆಯೂ ಉಳಿಯದೆ, ಗೋಡೆ ಬಿದ್ದು, ಆ ಮಣ್ಣಿನ ಮೇಲೆ ಎಕ್ಕದ ಗಿಡ ಹುಟ್ಟಲಿ ಎಂದು ಅದರ ಅರ್ಥ. ಕುರಿ ಹೊಲಕ್ಕೆ ನುಗ್ಗಿದರೂ ಈ ಮಾತು, ನಲ್ಲಿಯ ಹತ್ತಿರ ಬಿಂದಿಗೆ ಸರಿಸಿದರೂ ಈ ಮಾತು. ಚಿಕ್ಕಂದಿನಲ್ಲಿ ದಿನಕ್ಕೆ ನಾಲ್ಕು ಸಲ ಕೇಳಿಕೊಂಡೇ ಬೆಳೆದೆ. ಅದರಿಂದ ಯಾರ ಮನೆಯೂ ಹಾಳಾಗಿದ್ದನ್ನು ನಾನು ಕಾಣೆ.

ನಮ್ಮ ಮನೆಯಲ್ಲಿ ಮಾತ್ರ ನಿಜವಾಗಿಯೂ ಎಕ್ಕ ಹುಟ್ಟಿದೆ. ಒಂದಲ್ಲ, ಒಂಬತ್ತು ಗಿಡ. ಒಂದು ತಾನಾಗಿ ಹುಟ್ಟಿದ್ದು, ಮಿಕ್ಕ ಎಂಟು ನಾನೇ ಬೀಜ ಹಾಕಿ ಎಬ್ಬಿಸಿದ್ದು. ಚನ್ನರಾಯಪಟ್ಟಣದ ಹೊಸ ಬಡಾವಣೆಯೊಂದರಲ್ಲಿ ನಮ್ಮ ಮನೆ. ಅಕ್ಕಪಕ್ಕದವರೆಲ್ಲ ಗೇಟಿನ ಮುಂದೆ ಕ್ರೋಟನ್ ಇಟ್ಟಿದ್ದಾರೆ, ಕಾಸಗಲ ಹುಲ್ಲು ಬೆಳೆಸಿ ಅದಕ್ಕೆ ಲಾನ್ ಎನ್ನುತ್ತಾರೆ. ನಾನು ಎಕ್ಕಕ್ಕೆ ಪಾತಿ ಮಾಡಿ, ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ನೀರು ಹಾಕುತ್ತೇನೆ. ಎಕ್ಕಕ್ಕೆ ನೀರು ಬೇಕಾಗಿಯೇ ಇಲ್ಲ. ಆದರೂ ಹಾಕುತ್ತೇನೆ, ನಾಲ್ಕು ಜನ ನೋಡಲಿ ಎಂದೇ.

ನಮಗೆ ಮಕ್ಕಳಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಎಕ್ಕದ ಮಾತು ಎಲ್ಲಿಂದ ಶುರುವಾದರೂ ಜನ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಾರೆ. ಹಾಸನದ ಆಸ್ಪತ್ರೆಗಳಿಗೆ ಅಲೆದೆವು, ಹೇಳಿದ ಹರಕೆ ಹೊತ್ತೆವು, ಕೊಟ್ಟ ಕಷಾಯ ಕುಡಿದೆವು. ನಲವತ್ತು ದಾಟಿದ ಮೇಲೆ ಒಂದು ಸಂಜೆ ನಾನೂ ಯಜಮಾನರೂ ಕಾಫಿ ಕುಡಿಯುತ್ತಾ ಇನ್ನು ಸಾಕು ಎಂದು ತೀರ್ಮಾನಿಸಿದೆವು. ಅಳಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಅಳು ಒಂದು ದಿನ ಮುಗಿಯಿತು. ಮುಗಿಯದೆ ಉಳಿದದ್ದು ಬೇರೆಯವರ ಅಯ್ಯೋ ಪಾಪ.

ಯಜಮಾನರದು ತೆಂಗಿನಕಾಯಿ ಮಂಡಿ. ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮನೆ ಕಟ್ಟಿದ ಎರಡನೇ ವರ್ಷ ಕಾಂಪೌಂಡಿಗೂ ಚರಂಡಿಗೂ ನಡುವಿನ ಒಂದು ಮೊಳ ಜಾಗದಲ್ಲಿ ಎಕ್ಕದ ಸಸಿ ತಲೆ ಎತ್ತಿತು. ಎಕ್ಕದ ಬೀಜಕ್ಕೆ ರೇಷ್ಮೆಯಂಥ ಜುಟ್ಟು ಇರುತ್ತದೆ, ಎಲ್ಲಿಂದಲೋ ಹಾರಿ ಬಂದಿರಬೇಕು. ಮೊದಲ ಸಲ ಕಂಡ ಕೂಡಲೇ ಮುರಿದು ಎಸೆದೆ. ಹಾಲು ಕೈಗೆಲ್ಲ ಅಂಟಿಕೊಂಡಿತು, ಎಷ್ಟು ಸೋಪು ಹಾಕಿದರೂ ಬಿಡಲಿಲ್ಲ. ವಿಜ್ಞಾನದ ಟೀಚರಾಗಿ ಯಾಕೆ ಮುರಿದೆ ಎಂದು ಕೇಳಿದರೆ, ಭಯಕ್ಕೆ. ಆ ಬೈಗುಳ ನನ್ನ ಕಿವಿಯಲ್ಲೂ ಇತ್ತಲ್ಲ.

ಅದು ಮತ್ತೆ ಚಿಗುರಿತು. ಮತ್ತೆ ಮುರಿದೆ. ಆಮೇಲೆ ಪರೀಕ್ಷೆ, ಮೌಲ್ಯಮಾಪನ ಎಂದು ಎರಡು ತಿಂಗಳು ಅತ್ತ ನೋಡಲಿಲ್ಲ. ರಜೆಯಲ್ಲಿ ಒಂದು ಬೆಳಿಗ್ಗೆ ಹೋಗಿ ನೋಡಿದರೆ ಗಿಡ ಸೊಂಟದೆತ್ತರ ಬಂದಿದೆ, ನೇರಳೆ ಹೂವು ಬಿಟ್ಟಿದೆ. ಮುರಿಯಲೆಂದು ಕೊಂಬೆ ಬಗ್ಗಿಸಿದಾಗ ಎಲೆಯ ಅಡಿ ಒಂದು ಹುಳು ಕಂಡಿತು. ಮೈತುಂಬ ಕಪ್ಪು, ಬಿಳಿ, ಹಳದಿ ಪಟ್ಟೆ. ಬೆನ್ನ ಮೇಲೆ ಮೂರು ಜೊತೆ ಕಪ್ಪು ಕೊಂಬು. ನನ್ನ ಕೈ ಹತ್ತಿರ ಬಂದರೂ ಅದು ಓಡಲಿಲ್ಲ, ಮುದುಡಲಿಲ್ಲ, ತಿನ್ನುವುದನ್ನೂ ನಿಲ್ಲಿಸಲಿಲ್ಲ.

ನಾನು ಅಲ್ಲೇ ಚರಂಡಿಯ ಕಲ್ಲಿನ ಮೇಲೆ ಕೂತೆ. ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಂದು ಬಾಣದ ಗುರುತು ಹಾಕಿ ಸುತ್ತು ಬರೆದವಳು ನಾನು. ಪರೀಕ್ಷೆಯಲ್ಲಿ ಬಾಣ ತಪ್ಪಿಸಿದ ಮಕ್ಕಳ ಅಂಕ ಕತ್ತರಿಸಿದವಳು. ಒಂದು ದಿನವಾದರೂ ಒಂದು ಎಲೆ ತಿರುಗಿಸಿ ನೋಡಿರಲಿಲ್ಲ. ಅವತ್ತು ಮಧ್ಯಾಹ್ನದ ಅಡುಗೆ ತಡವಾಯಿತು.

ಮುಂದಿನ ದಿನಗಳಲ್ಲಿ ನೋಡಿದ್ದಿಷ್ಟು. ಕಿತ್ತಳೆ ಬಣ್ಣದ, ರೆಕ್ಕೆಯ ತುದಿ ಕಪ್ಪಾಗಿರುವ ಚಿಟ್ಟೆ ಬಂದು ಒಂದು ಎಲೆಯ ಕೆಳಗೆ ಒಂದೇ ಮೊಟ್ಟೆ ಅಂಟಿಸಿ ಹೋಗುತ್ತದೆ. ಸಾಸಿವೆಗಿಂತ ಸಣ್ಣದು, ಬೆಳ್ಳಗೆ. ಒಡೆದು ಬಂದ ಹುಳು ಸ್ವಲ್ಪ ದೊಡ್ಡದಾದ ಮೇಲೆ ಎಲೆಯ ತೊಟ್ಟನ್ನು ಅರ್ಧ ಕಚ್ಚಿ ಹಾಲು ಸುರಿಯಲು ಬಿಟ್ಟು ಆಮೇಲೆ ತಿನ್ನುತ್ತದೆ. ದನ ಮೂಸದ ಗಿಡ ಅದರ ಊಟ. ಆ ವಿಷ ಮೈಗೆ ಹತ್ತಿ ಹುಳುವೂ ಕಹಿ, ಅದರಿಂದ ಆಗುವ ಚಿಟ್ಟೆಯೂ ಕಹಿ; ಒಂದು ಸಲ ರುಚಿ ನೋಡಿದ ಹಕ್ಕಿ ಮತ್ತೆ ಮುಟ್ಟುವುದಿಲ್ಲ. ಪಟ್ಟೆ ಬಳಿದುಕೊಂಡು ಧೈರ್ಯವಾಗಿ ಬಿಸಿಲಲ್ಲಿ ಕೂರುವುದು ಅದಕ್ಕೇ. ಅದರ ಈ ಜಂಬ ನನಗೆ ಬಹಳ ಹಿಡಿಸಿತು.

ಎದುರು ಮನೆಯವರು ಬಂದು ಅದು ಕಂಬಳಿಹುಳ, ಮೈಯೆಲ್ಲ ಕಡಿತವಾಗುತ್ತದೆ ಎಂದರು. ಒಂದೂ ರೋಮವಿಲ್ಲದ ಹುಳುವನ್ನು ಅಂಗೈ ಮೇಲೆ ಬಿಟ್ಟುಕೊಂಡು ತೋರಿಸಿದೆ, ಎರಡು ಹೆಜ್ಜೆ ಹಿಂದೆ ಸರಿದರು. ಬಿಳಿ ಎಕ್ಕವಾದರೂ ಆಗಿದ್ದರೆ ಗಣಪತಿ ಎಂದು ಪೂಜೆ ಮಾಡಬಹುದಿತ್ತು, ಇದು ನೇರಳೆ, ಯಾತಕ್ಕೂ ಬಾರದ್ದು ಎಂಬ ಸಲಹೆಯೂ ಬಂತು. ಇವರೇ ವಾರಕ್ಕೊಮ್ಮೆ ಮಟಮಟ ಮಧ್ಯಾಹ್ನ, ಬೀದಿಯಲ್ಲಿ ಯಾರೂ ಇಲ್ಲದ ಹೊತ್ತಿಗೆ, ಎರಡು ಎಲೆ ಕಿತ್ತುಕೊಂಡು ಸೆರಗಿನಲ್ಲಿ ಮುಚ್ಚಿ ಒಯ್ಯುತ್ತಾರೆ. ಹರಳೆಣ್ಣೆ ಸವರಿ ಬಿಸಿ ಮಾಡಿ ಮಂಡಿನೋವಿಗೆ ಕಟ್ಟಿಕೊಳ್ಳಲು. ನಾನು ಕಿಟಕಿಯಿಂದ ನೋಡಿದ್ದೇನೆ.

ನನ್ನ ವಾರಗಿತ್ತಿ, ಅಂದರೆ ಭಾವನ ಹೆಂಡತಿ, ಅರಕಲಗೂಡಿನ ಹತ್ತಿರದ ಊರಿನವರು. ಹೊಗೆಸೊಪ್ಪಿನ ಬೇಸಾಯ. ಒಬ್ಬನೇ ಮಗ ಅರಕಲಗೂಡಿನಲ್ಲಿ ಗೊಬ್ಬರ, ಔಷಧಿಯ ಅಂಗಡಿ ಇಟ್ಟಿದ್ದಾನೆ. ಅವನಿಗೆ ಹೆಣ್ಣು ಗೊತ್ತಾಗುವ ಹಂತಕ್ಕೆ ಬಂತು. ಹೆಣ್ಣಿನ ಕಡೆಯವರು ಚನ್ನರಾಯಪಟ್ಟಣದವರು, ಹಾಗಾಗಿ ಮಾತುಕತೆ ನಮ್ಮ ಮನೆಯಲ್ಲೇ ಆಗಲಿ ಎಂದಾಯಿತು. ಎರಡು ದಿನ ಮೊದಲೇ ಬಂದ ವಾರಗಿತ್ತಿ ಗೇಟಿನ ಹತ್ತಿರ ಚಪ್ಪಲಿ ಬಿಡುವ ಮೊದಲೇ ಗಿಡ ನೋಡಿದರು.

"ಬೀಗ್ರು ಬರೋ ಅಷ್ಟ್ರಲ್ಲಿ ಇದ್ನ ತೆಗ್ಸವ್ವ," ಅಂದರು. "ಮೊದ್ಲೇ ದೀಪ ಅಚ್ಚೋರಿಲ್ದ ಮನೆ. ಬಾಗ್ಲಲ್ಲೇ ಎಕ್ಕ ಬೆಳ್ಸ್ಕೊಂಡು ಕೂತಿದ್ರೆ, ಈ ಸಂಬಂಧಾನೂ ಇಂಗೇ ಆಯ್ತದೆ ಅಂದ್ಕೊಳಾಕಿಲ್ವಾ?"

ಬೈಯುವ ದನಿ ಅಲ್ಲ ಅದು. ನೆಲ ಒರೆಸು, ಪರದೆ ಬದಲಾಯಿಸು ಎನ್ನುವ ದನಿಯಲ್ಲೇ ಅಂದರು. ಉತ್ತರ ಕೊಡಬೇಕಿತ್ತು. ಕೊಡಲಿಲ್ಲ. ನಾಳೆ ಸಂಬಂಧ ಮುರಿದರೆ ಈ ಗಿಡದಿಂದ, ಈ ಬಂಜೆಯಿಂದ ಎಂದು ಆ ಹುಡುಗನ ಜೀವನಪೂರ್ತಿ ಮಾತು ಉಳಿಯುತ್ತದೆ ಎಂದು ಹೆದರಿದೆ. ಯಜಮಾನರ ಮುಖ ನೋಡಿದೆ. ಅವರು ಮಚ್ಚು ತಂದರು. ದಿನಾ ಕಾಯಿ ಕೆತ್ತಿ ಪಳಗಿದ ಕೈ, ನಾಲ್ಕೇಟಿಗೆ ಗಿಡ ಮಲಗಿತು. ಬುಡದಿಂದ ಸುರಿದ ಹಾಲು ಚರಂಡಿಯ ಕಲ್ಲಿನ ಮೇಲೆ ಬೆಳ್ಳಗೆ ಹರಿಯಿತು.

ಗಿಡದಲ್ಲಿ ಹನ್ನೊಂದು ಹುಳುಗಳಿದ್ದವು. ಇಲ್ಲಿ ನಾನು ಮಾಡಿದ ದೊಡ್ಡ ದಡ್ಡತನ ಹೇಳಬೇಕು. ಹುಳುಗಳನ್ನು ಹೋಳಿಗೆ ಡಬ್ಬಕ್ಕೆ ಹಾಕಿಕೊಂಡು, ಬೈಪಾಸಿನ ಬೇಲಿಯಲ್ಲಿ ಬೇಕಾದಷ್ಟು ಇರುವ ಎಕ್ಕದ ಮೇಲೆ ಬಿಡಬಹುದಿತ್ತು. ಅದು ಬಿಟ್ಟು, ಎರಡೂ ಕಡೆ ಮರ್ಯಾದೆ ಉಳಿಯಲಿ ಎಂದು ಹಾಸನಕ್ಕೆ ಹೋಗಿ ಒಂದು ನರ್ಸರಿಯಲ್ಲಿ ಬೇರೆ ಗಿಡ ಕೊಂಡು ತಂದೆ. ಅದೂ ಹಾಲು ಬರುವ ಗಿಡವೇ, ಆದರೆ ಪರದೇಶದ್ದು. ಕೆಂಪು ಹಳದಿ ಗೊಂಚಲು ಹೂವು, ನೋಡಲು ಲಕ್ಷಣ. ಇದಕ್ಕೆ ಚಿಟ್ಟೆ ಮುತ್ಕೊಂಡ್ ಬತ್ತವೆ ಮೇಡಂ ಎಂದ ನರ್ಸರಿಯವ. ಮೂರು ಕುಂಡ ತಂದು ಬಾಗಿಲ ಮುಂದೆ ಸಾಲಾಗಿ ಇಟ್ಟು ಹುಳುಗಳನ್ನು ಬಿಟ್ಟೆ. ವಾರಗಿತ್ತಿಗೂ ಕುಂಡ ಒಪ್ಪಿಗೆಯಾಯಿತು.

ಬೀಗರು ಬಂದ ದಿನ ಬೆಳಿಗ್ಗೆ ನೋಡಿದಾಗ ಆರು ಹುಳು ಕುಂಡದ ಮಣ್ಣಿನ ಮೇಲೆ ಬಿದ್ದಿದ್ದವು, ಬಾಯಿಂದ ಹಸಿರು ನೀರು. ಮಿಕ್ಕ ಐದು ಕಾಂಡಕ್ಕೆ ಜೋತು ಬಿದ್ದು ಕಪ್ಪಾಗುತ್ತಿದ್ದವು. ನರ್ಸರಿಯವನಿಗೆ ಫೋನ್ ಮಾಡಿದೆ. ಹುಳ ಬೀಳದಂತೆ ಔಷಧಿ ಹೊಡೆದೇ ಮಾರೋದು ಮೇಡಂ, ತೂತು ಬಿದ್ದ ಎಲೆ ಇದ್ರೆ ಯಾರು ತಗೋತಾರೆ ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕುವುದು ಹೇಗೆ? ತೂತಿಲ್ಲದ ಎಲೆ ಬೇಕು ಎಂದು ಹೋದವಳು ನಾನೇ.

ಒಳಗೆ ಬೀಗರಿಗೆ ಕೇಸರಿಬಾತು, ಉಪ್ಪಿಟ್ಟು ಹಾಕಿಕೊಟ್ಟೆ. ನಕ್ಕೆ. ಹೆಣ್ಣಿನ ತಾಯಿ ಕುಂಡಗಳು ಬಹಳ ಚೆನ್ನಾಗಿವೆ ಎಂದರು. ಸಂಬಂಧ ಕುದುರಿತು. ಎಲ್ಲರೂ ಹೋದ ಮೇಲೆ ಮೂರು ಕುಂಡವನ್ನೂ ಕಿತ್ತು ಕಸದ ಗಾಡಿಗೆ ಹಾಕಿದೆ. ಹುಳುವಿಗೋಸ್ಕರ ಅತ್ತೆನೋ, ದೀಪ ಹಚ್ಚುವವರಿಲ್ಲದ ಮನೆ ಎಂಬ ಮಾತಿಗೆ ತಲೆ ಬಗ್ಗಿಸಿದ್ದಕ್ಕೆ ಅತ್ತೆನೋ, ಬಿಡಿಸಿ ಹೇಳಲಾರೆ. ನನ್ನ ಮನೆಯ ಬಾಗಿಲಲ್ಲಿ ಏನು ಇರಬೇಕು ಎಂದು ಇನ್ನೊಬ್ಬರು ಹೇಳಿ, ನಾನು ಒಪ್ಪಿ, ಅದಕ್ಕೆ ಹನ್ನೊಂದು ಜೀವ ಹೋಗಿತ್ತು. ಇನ್ನು ಮುಂದೆ ಇಲ್ಲ ಎಂದು ಯಜಮಾನರಿಗೆ ಹೇಳಿದೆ.

ಮಾತು ಕಡಿಮೆ ಅವರದು. ಆದರೆ ಮಚ್ಚು ಹಾಕುವಾಗ ಬುಡ ಕಿತ್ತಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಮುಂಗಾರಿನ ಎರಡನೇ ಮಳೆಗೆ ಕಡಿದ ಬುಡದಿಂದ ಐದು ಕವಲು ಎದ್ದವು. ಮದುವೆ ಮುಗಿದ ಮೇಲಿನ ಬೇಸಿಗೆಯಲ್ಲಿ ರಾಮನಾಥಪುರದ ಕಡೆ ಯಾರನ್ನೋ ನೋಡಲು ಹೋಗಿದ್ದ ಯಜಮಾನರು ಬಂದು ಅಂಗಿಯ ಜೇಬಿನಿಂದ ಪೇಪರಿನ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಬಿಚ್ಚಿದರೆ ಒಣಗಿ ಬಿರಿದ ಎಕ್ಕದ ಕಾಯಿ. ಫ್ಯಾನಿನ ಗಾಳಿಗೆ ಬೀಜಗಳೆಲ್ಲ ಮನೆ ತುಂಬ ಹಾರಿದವು. ಐವತ್ತು ದಾಟಿದ ಇಬ್ಬರೂ ಸೋಫಾದ ಕೆಳಗೆ, ಬೀರುವಿನ ಹಿಂದೆ ತೆವಳಿ ಬೀಜ ಹಿಡಿದೆವು. ಈ ಎಂಟು ಗಿಡ ಆ ಕಾಯಿಯವು.

ಗಿಡ ಸಾಲಾಗಿ ಎದ್ದಾಗ ಬಡಾವಣೆಯ ವಾಟ್ಸ್ಯಾಪ್ ಗುಂಪಿನಲ್ಲಿ ನಮ್ಮ ಗೇಟಿನ ಫೋಟೋ ಬಂತು, ಕೆಳಗೆ ಕೈಮುಗಿಯುವ ಗುರುತು. ಸ್ವಚ್ಛತೆ, ಶುಭ, ಬಡಾವಣೆಯ ಅಂದ ಎಂದೆಲ್ಲ ಬರೆದಿದ್ದರು. ನಾನು ಉತ್ತರವಾಗಿ ಹುಳುವಿನ ಫೋಟೋ ಹಾಕಿದೆ, ಮುಖ ದೊಡ್ಡದಾಗಿ ಕಾಣುವಂತೆ. ಒಬ್ಬರು ಸಮಾಧಾನಕ್ಕೆಂದು, ಚಿಟ್ಟೆಗಳೇ ಟೀಚರ್‌ಗೆ ಮಕ್ಕಳು ಬಿಡಿ ಎಂದು ಬರೆದರು. ಅದಕ್ಕೆ ಬಂದಷ್ಟು ಸಿಟ್ಟು ನನಗೆ ಬೇರೆ ಯಾವುದಕ್ಕೂ ಬಂದಿಲ್ಲ. ಅಲ್ಲ. ಮಗು ಮಗುವೇ, ಹುಳು ಹುಳುವೇ. ಇಲ್ಲದ್ದರ ಜಾಗದಲ್ಲಿ ನಾನು ಏನನ್ನೂ ಇಟ್ಟುಕೊಂಡಿಲ್ಲ. ಈ ಹುಳುವಿಗೆ ಈ ಊರಿನಲ್ಲಿ ಹುಟ್ಟಿದ ಈ ಗಿಡ ಬೇಕು, ನನ್ನ ಹತ್ತಿರ ಒಂದು ಮೊಳ ಜಾಗ ಇದೆ, ಅಷ್ಟೇ. ಹಾಗೆಂದು ಬರೆದೆ.

ಆ ವರ್ಷದ ರಥಸಪ್ತಮಿ ಬಂತು. ಅವತ್ತು ನಮ್ಮಲ್ಲಿ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡುತ್ತಾರೆ. ಒಬ್ಬೊಬ್ಬರಿಗೆ ಏಳು: ನೆತ್ತಿಗೊಂದು, ಹೆಗಲಿಗೆ ಎರಡು, ಮಂಡಿಗೆ ಎರಡು, ಪಾದಕ್ಕೆ ಎರಡು. ಆ ಒಂದು ಬೆಳಗಿನ ಮಟ್ಟಿಗೆ ಎಕ್ಕ ಸೂರ್ಯದೇವರ ಗಿಡ. ಐದು ಗಂಟೆಗೆ ಎದ್ದು ಎಲೆ ಕೀಳಲು ಹೋದರೆ ಗಿಡಗಳಲ್ಲಿ ಎಲೆಯೇ ಇಲ್ಲ, ಬರೀ ಕಡ್ಡಿ. ಬಡಾವಣೆಯ ಇಡೀ ಸಾಲು ನನಗಿಂತ ಮುಂಚೆ ಎದ್ದು ಬಂದು ಹೋಗಿತ್ತು. ಏಳು ಗಂಟೆಯ ಹೊತ್ತಿಗೆ ಎಲ್ಲರ ಬಚ್ಚಲಿನಿಂದ ಆ ಎಲೆಗಳು ಚರಂಡಿಯಲ್ಲಿ ತೇಲಿ ನಮ್ಮ ಮನೆಯ ಮುಂದೆಯೇ ಹಾದು ಹೋದವು. ಎತ್ತಿ ತಿರುಗಿಸಿ ನೋಡಿದೆ. ಮೊಟ್ಟೆ ಸಮೇತ ನೆತ್ತಿಯ ಮೇಲಿಟ್ಟುಕೊಂಡು ನೀರು ಹುಯ್ದುಕೊಂಡಿದ್ದರು. ಅಶುಭ ಎಂದು ಕೈಮುಗಿದು ಫೋಟೋ ಹಾಕಿದವರ ಮನೆಯ ಎಲೆಗಳೂ ಅದರಲ್ಲಿದ್ದವು.

ಈ ವರ್ಷ ಒಂದು ವಾರ ಮೊದಲೇ ಗುಂಪಿನಲ್ಲಿ ಬರೆದೆ. ರಥಸಪ್ತಮಿಗೆ ಎಲೆ ಬೇಕಾದವರು ಹಿಂದಿನ ದಿನ ಹಗಲು ಹೊತ್ತಿನಲ್ಲಿ ಬಂದು, ಬೆಲ್ ಒತ್ತಿ, ಕೇಳಿ ತೆಗೆದುಕೊಂಡು ಹೋಗಿ. ಎಕ್ಕ ಹುಟ್ಟಿದ ಮನೆ ಯಾವುದೆಂದು ನಿಮಗೆಲ್ಲ ಗೊತ್ತೇ ಇದೆ. ಬಂದರು. ಎದುರು ಮನೆಯವರೇ ಮೊದಲು, ಈ ಸಲ ಸೆರಗಿನಲ್ಲಿ ಮುಚ್ಚಲಿಲ್ಲ. ಕುರ್ಚಿ ಹಾಕಿಕೊಂಡು ಕೂತು ಪ್ರತಿ ಎಲೆಯನ್ನೂ ತಿರುಗಿಸಿ ನೋಡಿ ಕಿತ್ತುಕೊಟ್ಟೆ. ಮೊಟ್ಟೆ ಇದ್ದದ್ದು, ಹುಳು ಇದ್ದದ್ದು ಗಿಡದಲ್ಲೇ. ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ಏಳು, ಒಂದೂ ಹೆಚ್ಚಿಗೆ ಇಲ್ಲ. ರೇಷನ್ ಅಂಗಡಿಯ ಹಾಗೆ ಆಯಿತು ಎಂದು ಗೊಣಗಿದವರಿಗೆ ಹೌದು ಎಂದೆ.

ಸಂಜೆ ನಾಲ್ಕರ ಬಸ್ಸಿಗೆ ವಾರಗಿತ್ತಿ ಬಂದಿಳಿದರು, ಕೈಯಲ್ಲಿ ಖಾಲಿ ಬ್ಯಾಗು. ಮಗನ ಮದುವೆಯಾದ ಮೇಲೆ ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಸೊಸೆ ಬಸುರಿಯಾದಾಗ ಎಕ್ಕದ ಮನೆ ಬೇಡ ಎಂದು ನಮ್ಮಲ್ಲಿಗೆ ಊಟಕ್ಕೂ ಕಳಿಸಿರಲಿಲ್ಲ. ಈಗ ಮೊಮ್ಮಗುವಿಗೆ ಐದು ತಿಂಗಳು, ಮೊದಲ ರಥಸಪ್ತಮಿ. ಅವರ ಕಡೆ ರಸ್ತೆ ಅಗಲ ಮಾಡುವಾಗ ಅರ್ಧ ಎಕ್ಕ ಹೋಯಿತಂತೆ. ಉಳಿದದ್ದು ಬದುಗಳಿಗೆಲ್ಲ ಕಳೆ ಔಷಧಿ ಹೊಡೆದು ಒಣಗಿತಂತೆ. ಆ ಔಷಧಿ ಯಾರ ಅಂಗಡಿಯದು ಎಂದು ನಾನು ಕೇಳಲಿಲ್ಲ. ಕೇಳಬಹುದಿತ್ತು.

ಎಷ್ಟು ತಲೆ ಎಂದೆ. ಭಾವ, ತಾವು, ಮಗ, ಸೊಸೆ ಎಂದು ಬೆರಳು ಮಡಿಸಿದರು. ಐದನೇ ಬೆರಳಿಗೆ ದನಿ ಸ್ವಲ್ಪ ತಗ್ಗಿತು: ಮಗು. ನಾನು ಗಿಡದ ಕೊಂಬೆ ಹಿಡಿದಿದ್ದೆ. ಹೆಚ್ಚುಕಡಿಮೆ ಮೂರು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ಆಗ ಹೊರಗೆ ಬಂತು.

"ಅಕ್ಕ, ಇದು ದೀಪ ಹಚ್ಚೋರಿಲ್ದ ಮನೆ ಎಕ್ಕ. ನಿಮ್ಮ ಮಗೀನ ನೆತ್ತಿ ಮೇಲೆ ಇಡಬೋದಾ?"

ಅವರು ಬ್ಯಾಗಿನ ಬಾಯಿ ಅಗಲಿಸಿ ಹಿಡಿದುಕೊಂಡೇ ನಿಂತಿದ್ದರು. ಎದುರು ಮನೆಯಲ್ಲಿ ಕುಕ್ಕರ್ ಎರಡು ಸಲ ಕೂಗಿತು. ಅವರು ಹೊರಟು ಹೋಗಬಹುದು ಎಂದುಕೊಂಡೆ. ಹೋದರೆ ಹೋಗಲಿ ಎಂದೂ ಅಂದುಕೊಂಡೆ. ಕೇಳಿದ್ದಕ್ಕೆ ನನಗೆ ಒಂದು ಚೂರೂ ಬೇಸರವಾಗಲಿಲ್ಲ, ಈಗಲೂ ಇಲ್ಲ.

"ಅಂಗಂದಿದ್ದು ನೆಪ್ಪಿಲ್ಲ ಅಂದ್ರೆ ಸುಳ್ಳಾಯ್ತದೆ ಕಣವ್ವ," ಅಂದರು. ಬ್ಯಾಗನ್ನು ನನ್ನ ಕಡೆ ಚಾಚಿ, "ಮಗೀಗೆ ಎಳೇವು ನೋಡಿ ಕೊಡು."

ದೊಡ್ಡವರ ಇಪ್ಪತ್ತೆಂಟು ಎಲೆ ಬೇಗ ಮುಗಿಯಿತು. ಎಳೆಯ ಎಲೆಯೇ ಕಷ್ಟ. ಚಿಟ್ಟೆಯೂ ತನ್ನ ಮೊಟ್ಟೆಗೆ ಎಳೆಯದನ್ನೇ ಹುಡುಕುವುದು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುತ್ತಾ ತಿರುಗಿಸಿ ತಿರುಗಿಸಿ ನೋಡಿದೆ. ಐದು ಸಿಕ್ಕವು. ಆರನೆಯದಕ್ಕೆ ಹುಡುಕುತ್ತಿದ್ದಾಗ ವಾರಗಿತ್ತಿ ಬ್ಯಾಗನ್ನು ಕಾಂಪೌಂಡಿನ ಮೇಲಿಟ್ಟು, ಕನ್ನಡಕ ಹಾಕಿಕೊಂಡು, ಆ ಕಡೆಯ ಗಿಡದ ಕೊಂಬೆ ಬಗ್ಗಿಸಿದರು. ಎಲೆಯೊಂದನ್ನು ತಿರುಗಿಸಿ ಕಣ್ಣಿನ ಹತ್ತಿರ ಹಿಡಿದರು. ಬೆರಳಲ್ಲಿ ಮುಟ್ಟಲು ಹೋಗಿ ಮುಟ್ಟಲಿಲ್ಲ.

"ಇದ್ರಲ್ಲೊಂದದೆ," ಅಂದರು. "ಇದು ಬ್ಯಾಡ ಬುಡು."

ಕೊಂಬೆಯನ್ನು ಮೆಲ್ಲಗೆ ಬಿಟ್ಟು ಪಕ್ಕದ ಎಲೆ ತಿರುಗಿಸಿದರು. ನಾನು ಅವರನ್ನು ಕ್ಷಮಿಸಿದೆ ಎಂದು ಯಾರೂ ತಿಳಿಯಬೇಡಿ. ಮಿಕ್ಕ ಎರಡು ಎಲೆಯನ್ನು ಅವರೇ ಹುಡುಕಿಕೊಂಡರು. ಕಾಫಿ ಕುಡಿದು, ಬ್ಯಾಗನ್ನು ಮಗು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದು ಆರರ ಬಸ್ಸಿಗೆ ಹೋದರು.

ಮರುದಿನ ಬೆಳಿಗ್ಗೆ ಯಜಮಾನರು ಗಿಡದ ಹತ್ತಿರ ನಿಂತು ನಮಗೆಷ್ಟು ಎಂದು ಕೇಳಿದರು. ಗೊತ್ತಿದ್ದೂ ಕೇಳಿದರು. ಎರಡು ತಲೆ, ಹದಿನಾಲ್ಕು ಎಲೆ ಎಂದೆ. ಜೋರಾಗಿಯೇ ಹೇಳಿದೆ, ಎದುರು ಮನೆಗೂ ಕೇಳಿಸುವ ಹಾಗೆ. ಹದಿನಾಲ್ಕು ಕಿತ್ತುಕೊಂಡು ಒಳಗೆ ಹೋದೆವು. ಗಿಡಗಳ ಮೇಲೆ ಇನ್ನೂ ನೂರಾರು ಎಲೆ ಉಳಿದಿದ್ದವು, ಹುಳುಗಳು ಆಗಲೇ ತಿನ್ನಲು ಶುರು ಮಾಡಿದ್ದವು.